ತಿರುಗುಮಣೆ

ಕೈಕೆಲಸ ನಡೆಯುವ ಮನೆಗಳಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಬರುವ ಪ್ರಶ್ನೆಯೊಂದುಂಟು: ಕತ್ತರಿ ಎಲ್ಲಿ? ಕತ್ತರಿಯು ಮನೆಯನ್ನು ಬಿಟ್ಟು ಹೋಗಿರುವುದಿಲ್ಲ. ಬಟ್ಟೆಯ ಮಡಿಕೆಯ ಕೆಳಗೋ, ಚಾಪೆಯ ಅಂಚಿನಲ್ಲಿಯೋ, ಒಮ್ಮೊಮ್ಮೆ ಹುಡುಕುವವರ ಮಡಿಲಲ್ಲಿಯೋ ಅದು ಅಡಗಿರುತ್ತದೆ. ನೈಯಾಯಿಕರು ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ಹೇಳಿದರು. ಆದರೆ ಇದ್ದೂ ಸಿಕ್ಕದ ಕತ್ತರಿಗೆ ಆ ನಾಲ್ಕರಲ್ಲಿ ಸ್ಥಳವಿಲ್ಲ. ಅವರು ತಮ್ಮ ಮನೆಯ ಹೆಂಗಸರ ಹೊಲಿಗೆಯನ್ನು ಅಷ್ಟಾಗಿ ಗಮನಿಸಿರಲಿಲ್ಲವೆಂದು ತೋರುತ್ತದೆ.

ಹೊಲಿಗೆಯ ಸಾಮಾನುಗಳ ಸ್ವಭಾವವೇ ಅಂಥದು. ಅಡಿಗೆಯ ಮನೆಯ ಪಾತ್ರೆಗಳು ದೊಡ್ಡವು, ಕಣ್ಣಿಗೆ ಬೀಳುವಂಥವು. ಸೂಜಿ, ದಾರ, ಗುಂಡಿ, ಹುಕ್ಕು, ಅಳತೆಯ ಪಟ್ಟಿ ಇವೆಲ್ಲವೂ ಸಣ್ಣವು, ಸಂಖ್ಯೆಯಲ್ಲಿ ಬಹಳ, ಒಂದರೊಳಗೊಂದು ತೊಡಕಿಕೊಳ್ಳುವುದರಲ್ಲಿ ನಿಪುಣವಾದವು. ಡಬ್ಬಿಯಲ್ಲಿ ಹಾಕಿಟ್ಟರೆ ಬೇಕಾದುದು ಯಾವಾಗಲೂ ತಳದಲ್ಲಿಯೇ. ಈ ಸಾಮಾನುಗಳನ್ನೆಲ್ಲ ಒಂದು ದುಂಡು ಮಣೆಯ ಮೇಲೆ ಸುತ್ತಲೂ ಜೋಡಿಸಿ, ಆ ಮಣೆಯೇ ತಿರುಗಿ ಬೇಕಾದುದನ್ನು ಕೈಯೆದುರಿಗೆ ತಂದು ನಿಲ್ಲಿಸುವಂತೆ ನಾವು ಮನೆಯಲ್ಲಿಯೇ ಒಂದು ಸಾಧನವನ್ನು ಮಾಡಿಕೊಂಡೆವು. ಅದನ್ನು ನೋಡಿ ಹೋದ ಕೆಲವರು ಅದರ ರಚನೆಯನ್ನು ಬರೆದು ತಿಳಿಸಬೇಕೆಂದು ಕೇಳಿದುದರಿಂದ ಈ ಲೇಖನ. ರಚನೆಯನ್ನು ಹೇಳುವ ಮೊದಲು, ಅದು ಏಕೆ ಬೇಕಾಯಿತೆಂಬುದನ್ನು ಹೇಳದಿದ್ದರೆ ಅದರ ಅಳತೆಗಳಾವುವೂ ಅರ್ಥವಾಗಲಾರವು.

ನಮ್ಮ ಮನೆಯಾಕೆ ಕಸೂತಿ ಹಾಕುವವಳು. ನಮ್ಮ ಧಾರವಾಡದ ಕಡೆಯ ವಾಚಕರಿಗೆ ಕಸೂತಿಯೆಂದರೇನೆಂದು ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು: ಇದರಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರವನ್ನು ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿಯನ್ನು ಚುಚ್ಚುತ್ತ ಹೋಗಬೇಕು; ಗಂಟು ಹಾಕಕೂಡದು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ಹೊಲಿಗೆಯಲ್ಲಿ ನಾಲ್ಕು ಬಗೆ. ಗವಂತಿಯಲ್ಲಿ ಸೂಜಿಯು ಹೋದ ದಾರಿಯಲ್ಲಿಯೇ ಹಿಂದಿರುಗಿ ಬಂದು ಬಿಟ್ಟ ಜಾಗಗಳನ್ನು ತುಂಬುತ್ತದೆ. ಆದಕಾರಣ ಬಟ್ಟೆಯ ಒಳಮೈ ಹೊರಮೈ ಎರಡೂ ಒಂದೇ ರೂಪ. ಮುರ್ಗಿಯು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿಯು ನೆಯ್ಗೆಯನ್ನು ಹೋಲುತ್ತದೆ. ಮೆಂತಿಯು ಮೆಂತ್ಯದ ಕಾಳು ಸುರಿದಂತೆ ಒತ್ತಾಗಿ ಕಾಣುತ್ತದೆ. ಗೋಪುರ, ತೇರು, ತುಳಸಿಯ ಕಟ್ಟೆ, ಅಂಬಾರಿಯ ಆನೆ, ನವಿಲು ಎಲ್ಲವೂ ಈ ನಾಲ್ಕರಿಂದಲೇ ಹುಟ್ಟತಕ್ಕವು. ಇಳಕಲ್ಲಿನ ಸೀರೆಯ ಸೆರಗಿನ ಮೇಲೆ, ಗುಳೇದಗುಡ್ಡದ ಖಣದ ಮೇಲೆ ಇವು ಮೂಡಿದಾಗ ನೋಡಬೇಕು. ಒಂದು ಎಳೆ ಎಣಿಕೆ ತಪ್ಪಿದರೆ ಗೋಪುರವು ಓರೆಯಾಗುತ್ತದೆ. ಬಿಚ್ಚಿ ಮತ್ತೆ ಮೊದಲಿನಿಂದ ಹಾಕಬೇಕು. ಎಣಿಕೆಯ ನಡುವೆ ಎದ್ದು ಹೋಗಬೇಕಾಗಿ ಬಂದರೆ ಏನಾಗುವುದೆಂಬುದನ್ನು, ಜಪದ ನಡುವೆ ಮಾತನಾಡಿಸಲ್ಪಟ್ಟವರು ಊಹಿಸಿಕೊಳ್ಳಬಲ್ಲರು.

ನಮ್ಮ ಮನೆಯಾಕೆ ನಲವತ್ತು ವರ್ಷ ಈ ಕೆಲಸವನ್ನು ನೆಲದ ಮೇಲೆ ಕುಳಿತು ಮಾಡಿದಳು. ಪಡಸಾಲೆಯ ಕಿಟಕಿಯ ಬಳಿ ಚಾಪೆ. ಚಾಪೆಯ ನಡುವೆ ಅವಳು. ಬಲಕ್ಕೆ ಕತ್ತರಿ, ಎಡಕ್ಕೆ ದಾರದ ಲಡಿಗಳು, ಹಿಂದೆ ಗೋಡೆಗೆ ಒರಗಿಸಿದ ಪೆಟ್ಟಿಗೆ, ತೊಡೆಯ ಪಕ್ಕದಲ್ಲಿ ಸೂಜಿ ಚುಚ್ಚುವ ಪುಟ್ಟ ಗಾದಿ. ಅರ್ಧ ಹೊರಳಿದರೆ ಬೇಕಾದುದು ಕೈಗೆ ಬರುತ್ತಿತ್ತು. ಆಗ ಇದೊಂದು ವ್ಯವಸ್ಥೆಯೆಂದು ನಮಗಾರಿಗೂ ಅನಿಸಿರಲಿಲ್ಲ. ನೆಲದ ಮೇಲೆ ಕುಳಿತು ಕೆಲಸ ಮಾಡುವವರೆಲ್ಲರೂ ಹೀಗೆಯೇ: ಅಕ್ಕಸಾಲಿಗನನ್ನು ನೋಡಿ, ಚಮ್ಮಾರನನ್ನು ನೋಡಿ, ಹೂ ಕಟ್ಟುವವಳನ್ನು ನೋಡಿ. ತಮ್ಮ ಸುತ್ತಲೂ ಒಂದು ಮಂಡಲವನ್ನು ಹಾಕಿಕೊಂಡು ಅದರ ನಾಭಿಯಲ್ಲಿ ಅವರು ಕುಳಿತಿರುತ್ತಾರೆ.

ಮಂಡಿಯ ನೋವು ಬಂದ ಮೇಲೆ ವೈದ್ಯರು ನೆಲದ ಮೇಲೆ ಕುಳ್ಳಿರಕೂಡದೆಂದರು. ಕುರ್ಚಿ ಬಂತು, ಅದರೆದುರಿಗೆ ಮೇಜು ಬಂತು. ಮೊದಲ ಕೆಲವು ದಿನ ಎಲ್ಲವೂ ಸರಿಯಾಗಿಯೇ ಇದ್ದಂತೆ ಕಂಡಿತು. ಆಮೇಲೆ ದಿನಕ್ಕೆ ಹತ್ತು ಸಲ “ಆ ಹಸಿರು ಲಡಿ ಕೊಡ್ರಿ”, “ಕಪಾಟಿನ್ಯಾಗ ಸಣ್ಣ ಸೂಜಿ ಅದ, ನೋಡ್ರಿ” ಎಂಬ ಮಾತು ಕೇಳಿಬರತೊಡಗಿತು. ನಾನು ಮನೆಯಲ್ಲಿಯೇ ಇರುವವನು, ಎದ್ದು ಕೊಡುತ್ತಿದ್ದೆನು. ಇದರಲ್ಲಿ ನನಗೆ ಏನೂ ಬೇಸರವಿರಲಿಲ್ಲ. ಆದರೆ ವಾರ ಕಳೆದಂತೆ ಕೇಳುವುದು ಹತ್ತು ಸಲದಿಂದ ಐದಕ್ಕೆ ಇಳಿಯಿತು, ಐದರಿಂದ ಎರಡಕ್ಕೆ ಇಳಿಯಿತು. ಒಂದು ದಿನ ನೋಡುವಾಗ, ಕಿರಿಯ ಮಗಳಿಗೆಂದು ತೆಗೆದುಕೊಂಡಿದ್ದ ಕಪ್ಪು ಇಳಕಲ್ ಸೀರೆ, ಸೆರಗಿನ ಮೇಲೆ ಎರಡು ಗೋಪುರ ಮುಗಿದು ಮೂರನೆಯದು ಅರ್ಧವಾಗಿದ್ದುದು, ಮಡಿಚಿ ಪೆಟ್ಟಿಗೆಯನ್ನು ಸೇರಿತ್ತು. ಕಣ್ಣಿಗೆ ತೊಂದರೆಯೆ ಎಂದೆನು. ಅಲ್ಲವೆಂದಳು. ಬೆರಳು ನೋಯುವುದೆ ಎಂದೆನು. ಅದೂ ಅಲ್ಲ.

“ಒಂದು ಎಳಿ ದಾರಕ್ಕ ಒಬ್ಬರನ್ನ ಎಬ್ಬಿಸೋದು ನನಗ ಸೇರೂದಿಲ್ಲರಿ” ಎಂದಳು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ, “ನೆಲದ ಮ್ಯಾಲೆ ಕೂತಾಗ ಎಲ್ಲಾ ನನ್ನ ಸುತ್ತ ಇರತಿತ್ತು. ಕುರ್ಚಿ ಮ್ಯಾಲೆ ಕೂತರ ಎದುರಿಗಷ್ಟ ಇರತದ” ಎಂದಳು.

ಈ ಎರಡನೆಯ ಮಾತಿನಲ್ಲಿ ರೋಗದ ನಿದಾನವೂ ಔಷಧವೂ ಎರಡೂ ಇದ್ದುವು. ಕುರ್ಚಿಯು ಮನುಷ್ಯನ ಮಂಡಿಗೆ ಸುಖವನ್ನು ಕೊಟ್ಟು ಅವನ ಸುತ್ತಲಿನ ಮಂಡಲವನ್ನು ಕಸಿದುಕೊಳ್ಳುತ್ತದೆ. ಬೆನ್ನ ಹಿಂದೆ ಏನನ್ನೂ ಇಡುವಂತಿಲ್ಲ, ಪಕ್ಕದಲ್ಲಿಟ್ಟರೆ ಬಗ್ಗಬೇಕು. ಮನುಷ್ಯನು ಮಂಡಲದ ನಡುವೆ ತಿರುಗಲಾರನೆಂದಾದರೆ, ಮಂಡಲವನ್ನೇ ಎತ್ತಿ ಮೇಜಿನ ಮೇಲಿಟ್ಟು ಅದನ್ನು ತಿರುಗಿಸಬೇಕು. ಹೀಗೆ ಯೋಚನೆಯು ಒಮ್ಮೆ ಒಂದು ರೂಪಕ್ಕೆ ಬಂದ ಮೇಲೆ ಮಿಕ್ಕುದು ಬಡಗಿಯ ಕೆಲಸ.

ಇಂಥ ಮಣೆಯು ಲೋಕಕ್ಕೆ ಹೊಸದೇನೂ ಅಲ್ಲ. ಇಟಲಿಯ ಅಗೋಸ್ತಿನೋ ರಾಮೆಲ್ಲಿ ಎಂಬ ಯಂತ್ರಶಿಲ್ಪಿಯು 1588ರಲ್ಲಿ ಪ್ರಕಟಿಸಿದ ಯಂತ್ರಗಳ ಗ್ರಂಥದಲ್ಲಿ, ಕುಳಿತಲ್ಲಿಂದ ಏಳದೆ ಹಲವು ಪುಸ್ತಕಗಳನ್ನು ಒಂದಾದ ಮೇಲೊಂದು ಓದುವಂತೆ ನೀರಿನ ಗಾಲಿಯ ಹಾಗೆ ನಿಂತು ತಿರುಗುವ ಗ್ರಂಥಚಕ್ರದ ಚಿತ್ರವಿದೆ. ಚೀನ ದೇಶದ ಬೌದ್ಧ ವಿಹಾರಗಳಲ್ಲಿ ಸೂತ್ರಗ್ರಂಥಗಳನ್ನಿರಿಸಿದ ದೊಡ್ಡ ದೊಡ್ಡ ಕಪಾಟುಗಳನ್ನೇ ಕಂಬದ ಸುತ್ತ ತಿರುಗಿಸುತ್ತಿದ್ದರು. ಎಲ್ಲಕ್ಕಿಂತ ನನಗೆ ಸೋಜಿಗವಾಗಿ ತೋರಿದುದು ರೋಮ್ ನಗರಕ್ಕೆ ಸಮೀಪದ ಒಂದು ಸರೋವರದ ವೃತ್ತಾಂತ. 1928ರಿಂದ ಮುಂದಕ್ಕೆ ಅದರ ನೀರನ್ನು ಇಳಿಸಿದಾಗ ಕ್ಯಾಲಿಗುಲಾ ಚಕ್ರವರ್ತಿಯ ಕಾಲದ ಎರಡು ಭಾರಿ ಹಡಗುಗಳು ಕಂಡುಬಂದುವು. ಅವುಗಳ ಅವಶೇಷಗಳಲ್ಲಿ, ಗುಂಡುಗಳ ಮೇಲೆ ತಿರುಗುತ್ತಿದ್ದ ಮರದ ಪೀಠದ ತುಂಡುಗಳಿದ್ದುವು. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ತಿರುಗುಮಣೆ! 1944ರಲ್ಲಿ ಯುದ್ಧಕಾಲದ ಬೆಂಕಿಗೆ ಆ ಹಡಗುಗಳು ಆಹುತಿಯಾದುವು. ಆ ಸರೋವರದ ಹೆಸರು ನೇಮಿ. ಅವರ ಭಾಷೆಯಲ್ಲಿ ಅದು ವನವೆಂಬ ಅರ್ಥದ ಶಬ್ದದಿಂದ ಬಂದುದು. ನಮ್ಮ ಸಂಸ್ಕೃತದಲ್ಲಿಯಾದರೋ ನೇಮಿಯೆಂದರೆ ಚಕ್ರದ ಅಂಚು. ಕಾಕತಾಳೀಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಾಠಶಾಲೆಯಲ್ಲಿ ನಮಗೆ ದೊರೆತಿರಲಿಲ್ಲ.

ಊಟದ ಮೇಜಿನ ಮೇಲಿಡುವ ಇಂಥ ತಟ್ಟೆಗೆ ಇಂಗ್ಲಿಷಿನವರು 20ನೆಯ ಶತಮಾನದ ಮೊದಲ ವರ್ಷಗಳಿಂದ ‘ಲೇಜಿ ಸೂಸನ್’, ಎಂದರೆ ಸೋಮಾರಿ ಸೂಸನ್, ಎಂದು ಕರೆಯುತ್ತ ಬಂದಿದ್ದಾರೆ. ಸೂಸನ್ ಎಂಬುದು ಮನೆಗೆಲಸದವಳ ಹೆಸರೆಂದು ತೋರುತ್ತದೆ. ಕುಳಿತಲ್ಲಿಂದ ಏಳದೆ ಉಪ್ಪನ್ನು ತೆಗೆದುಕೊಂಡವರು ಮನೆಯ ಯಜಮಾನರು, ಸೋಮಾರಿಯೆಂಬ ಬಿರುದು ಮಾತ್ರ ಸೂಸನ್ನಳಿಗೆ. ಇದು ಯಾವ ನ್ಯಾಯವೊ ತಿಳಿಯದು. ಆ ಹೆಸರನ್ನು ನಮ್ಮ ಮನೆಯಲ್ಲಿ ಉಚ್ಚರಿಸುವ ಧೈರ್ಯ ನನಗಾಗಲಿಲ್ಲ. ತಿರುಗುಮಣೆಯೆಂದು ನಾನು ಇಟ್ಟ ಹೆಸರು ನಿಂತಿದೆ.

ಬೆಂಗಳೂರಿನಲ್ಲಿರುವ ಮಗನು ಫೋನಿನಲ್ಲಿ ಈ ವಿಷಯವನ್ನು ಕೇಳಿ, ಪ್ಲಾಸ್ಟಿಕ್ಕಿನದು ಸಿದ್ಧವಾಗಿಯೇ ಸಿಗುವುದೆಂದೂ ಎರಡು ದಿನದಲ್ಲಿ ಮನೆಗೆ ತಲುಪಿಸುವ ಹಾಗೆ ಮಾಡುವೆನೆಂದೂ ಹೇಳಿದನು. ಅದು ಬಂತು. ಹತ್ತು ಇಂಚಿನ ಅಗಲ. ಬೆರಳು ಸೋಕಿದರೆ ಗಿರ್ರನೆ ಸುತ್ತುತ್ತದೆ. “ಉಪ್ಪಿನಕಾಯಿ ಭರಣಿಗೆ ಚೊಲೋ ಆತು” ಎಂದು ಅವನ ತಾಯಿ ಅದನ್ನು ಅಡಿಗೆಯ ಮನೆಗೆ ಒಯ್ದಳು. ಈಗಲೂ ಅದು ಅಲ್ಲಿ ತನ್ನ ಕೆಲಸವನ್ನು ಮಾಡಿಕೊಂಡಿದೆ.

ತಿರುಗುವ ವಸ್ತುಗಳಲ್ಲಿ ನಮ್ಮವರು ಅನಾದಿಯಿಂದ ಬಲ್ಲವು ಎರಡು: ಬೀಸುವ ಕಲ್ಲು ಮತ್ತು ಕುಂಬಾರನ ಚಕ್ರ. ನಮ್ಮ ಮಣೆಗೆ ಎರಡರಿಂದಲೂ ಸ್ವಲ್ಪ ಸ್ವಲ್ಪ ತೆಗೆದುಕೊಂಡೆವು, ಎರಡನ್ನೂ ಪೂರ್ತಿಯಾಗಿ ಅನುಸರಿಸಲಿಲ್ಲ. ಬೀಸುವ ಕಲ್ಲಿನಲ್ಲಿ ಕೆಳಗಿನದು ಸ್ಥಿರ, ಮೇಲಿನದು ಚರ. ನಡುವಿನ ಗೂಟವು ಮೇಲಿನ ಕಲ್ಲನ್ನು ಅತ್ತಿತ್ತ ಸರಿಯಗೊಡುವುದಿಲ್ಲ. ಈ ಮೂರು ಅಂಗಗಳು ನಮಗೂ ಬೇಕು. ಆದರೆ ಕಲ್ಲಿನ ಉದ್ದೇಶವೇ ಉಜ್ಜುವುದು; ನಮ್ಮಲ್ಲಿ ಉಜ್ಜುವಿಕೆಯೇ ಶತ್ರು. ಕುಂಬಾರನ ಚಕ್ರದಲ್ಲಿ ಉಜ್ಜುವಿಕೆ ಅತ್ಯಲ್ಪ. ಅದು ಭಾರವಾಗಿದ್ದು, ಕೋಲಿನಿಂದ ಒಮ್ಮೆ ತಿರುವಿದರೆ ಕೋಲನ್ನು ತೆಗೆದ ಮೇಲೂ ಬಹಳ ಹೊತ್ತು ತಿರುಗುತ್ತಿರಬೇಕು. ವೈಶೇಷಿಕರು ಸಂಸ್ಕಾರವನ್ನು ವೇಗ, ಭಾವನಾ, ಸ್ಥಿತಿಸ್ಥಾಪಕವೆಂದು ಮೂರು ಬಗೆಯಾಗಿ ಹೇಳುತ್ತಾರಷ್ಟೆ. ಅವುಗಳಲ್ಲಿ ಮೊದಲನೆಯದು ಇದೇ. ಸಾಂಖ್ಯರಂತೂ ಜ್ಞಾನ ಉದಯಿಸಿದ ಮೇಲೂ ಶರೀರವು ಕೆಲವು ಕಾಲ ನಿಂತಿರುವುದಕ್ಕೆ ಈ ಚಕ್ರವನ್ನೇ ದೃಷ್ಟಾಂತವಾಗಿ ಕೊಟ್ಟರು. ಮೋಕ್ಷಶಾಸ್ತ್ರಕ್ಕೆ ಅಷ್ಟು ಉಪಯುಕ್ತವಾದ ಈ ವೇಗವು ಹೊಲಿಗೆಯ ಮೇಜಿನ ಮೇಲೆ ಉಪದ್ರವ. ಮಣೆಯು ಹೆಚ್ಚು ಸುತ್ತಿದರೆ ಬೇಕಾದ ದಾರವು ಎದುರಿಗೆ ಬಂದು ನಿಲ್ಲದೆ ದಾಟಿ ಹೋಗುತ್ತದೆ. ಅಂಚಿನ ಗುಂಡಿಗಳು ಹೊರಕ್ಕೆ ಜಾರುತ್ತವೆ. ಬೆರಳಿನಿಂದ ನೂಕಿದೊಡನೆ ಹೊರಡಬೇಕು, ಬೆರಳನ್ನು ತೆಗೆದೊಡನೆ ನಿಲ್ಲಬೇಕು. ಇಷ್ಟೇ ನಮಗೆ ಬೇಕಾದ ಲಕ್ಷಣ.

ಇದಕ್ಕೆ ತಕ್ಕ ವಸ್ತುವು ಹಿತ್ತಲಿನಲ್ಲಿಯೇ ಇತ್ತು. ಶಾಲೆಗೆ ಹೋಗಿಬರುತ್ತಿದ್ದ ಕಾಲದ ನನ್ನ ಸೈಕಲ್ಲು ನಿವೃತ್ತಿಯಾದಂದಿನಿಂದ ಗೋಡೆಗೆ ಒರಗಿ ನಿಂತಿತ್ತು. ಅದರ ಮುಂದಿನ ಗಾಲಿಯ ಹಬ್ಬನ್ನು ಬಿಚ್ಚಿಸಿದೆನು. ಹಬ್ಬಿನೊಳಗೆ ಎರಡು ಬದಿಗೂ ಹತ್ತು ಹತ್ತರಂತೆ ಇಪ್ಪತ್ತು ಉಕ್ಕಿನ ಗುಂಡುಗಳು, ಒಂದೊಂದರ ವ್ಯಾಸ ಇಂಚಿನ 3/16 ಭಾಗ. ಉಜ್ಜುವ ಜಾಗದಲ್ಲಿ ಉರುಳುವ ಗುಂಡನ್ನಿಟ್ಟರೆ ಅಚ್ಚಿನ ಶ್ರಮವು ಎಷ್ಟೋ ಕಡಿಮೆಯಾಗುತ್ತದೆ. ಗಾಡಿಯ ಅಚ್ಚಿಗೆ ಇಂಥ ಗುಂಡುಗಳನ್ನಿಡುವ ವಿಧಾನಕ್ಕೆ ವೇಲ್ಸ್ ಪ್ರಾಂತದ ಫಿಲಿಪ್ ವಾನ್ ಎಂಬಾತನು 1794ರಲ್ಲಿಯೇ ಪೇಟೆಂಟನ್ನು ಪಡೆದಿದ್ದನು. ಸೈಕಲ್ಲು ಅದನ್ನು ಮನೆಮನೆಗೆ ತಂದಿತು. ನಮಗೆ ಮುಖ್ಯವಾದುದು ಹಬ್ಬಿನ ಇನ್ನೊಂದು ಗುಣ. ಅಚ್ಚಿನ ಎರಡು ತುದಿಗಳಲ್ಲಿಯೂ ತಿರುಪಿನ ಮೇಲೆ ಕೂರುವ ಕೋನು ಎಂಬ ಅಂಗವಿರುತ್ತದೆ. ಅದನ್ನು ಸಡಿಲಿಸಿದರೆ ಗಾಲಿಯು ಸಲೀಸಾಗಿ ತಿರುಗುತ್ತದೆ. ಬಿಗಿದರೆ ಗುಂಡುಗಳು ಒತ್ತಲ್ಪಟ್ಟು ನಿಧಾನವಾಗಿ ತಿರುಗುತ್ತದೆ. ಎಂದರೆ, ಮಣೆಯು ಎಷ್ಟು ತಿರುಗಬೇಕು, ಎಲ್ಲಿ ನಿಲ್ಲಬೇಕೆಂಬುದು ಒಂದು ಪಾನಾದ ಕಾಲು ಸುತ್ತಿನಲ್ಲಿದೆ.

ಓಣಿಯ ತುದಿಯ ಸೈಕಲ್ ಅಂಗಡಿಯವನಲ್ಲಿಗೆ ಹಬ್ಬನ್ನು ಒಯ್ದಾಗ ಅವನು ಅದನ್ನು ತಿರುವಿ ಮುರುವಿ ನೋಡಿ, “ಏನ್ರಿ ಮಾಸ್ತರ್, ಗಾಲಿ ಬಿಟ್ಟು ಹಬ್ಬಷ್ಟ ತಂದೀರಿ?” ಎಂದನು. ವಿಷಯವನ್ನು ಹೇಳಿ, ಬಿಟ್ಟೊಡನೆ ನಿಲ್ಲುವ ಹಾಗೆ ಕೋನನ್ನು ಬಿಗಿಯಬೇಕೆಂದೆನು. ಅವನು ನಕ್ಕು, “ಸಲೀಸ ತಿರಗಲಿ ಅಂತ ಎಲ್ಲಾರೂ ಬರತಾರ, ನಿಲ್ಲಲಿ ಅಂತ ಬಂದವರು ನೀವ ಮೊದಲ ನೋಡ್ರಿ” ಎಂದನು. ಹಳೆಯ ಗ್ರೀಸನ್ನು ಸೀಮೆಎಣ್ಣೆಯಿಂದ ತೊಳೆದು, ಸವೆದ ನಾಲ್ಕು ಗುಂಡುಗಳಿಗೆ ಬದಲು ಹೊಸವನ್ನು ಹಾಕಿ, ಹೊಸ ಗ್ರೀಸು ತುಂಬಿ ಕೊಟ್ಟನು. ಕೂಲಿಯನ್ನು ಗುಂಡುಗಳಿಗೆ ಮಾತ್ರ ತೆಗೆದುಕೊಂಡನು.

ಇನ್ನು ಮಣೆ. ಹಳೆಯ ಬಾಗಿಲಿನ ಸಾಗವಾನಿ ಹಲಗೆಗಳೆರಡನ್ನು ಬಡಗಿಯು ಕೂಡಿಸಿ ಒಂದೂವರೆ ಅಡಿ ಅಗಲದ ದುಂಡನ್ನು ಕೊರೆದನು. ದಪ್ಪ ಮುಕ್ಕಾಲು ಇಂಚು. ಒಂದೂವರೆ ಅಡಿಯೇ ಏಕೆಂದರೆ, ಕುರ್ಚಿಯಲ್ಲಿ ಕುಳಿತು ಮೊಣಕೈಯನ್ನು ಪಕ್ಕೆಯಿಂದ ಎತ್ತದೆ ಅವಳ ಬೆರಳು ಎಲ್ಲಿಯ ತನಕ ಹೋಗುವುದೆಂದು ಮೇಜಿನ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿದೆವು. ಮಣೆಯ ಸಮೀಪದ ಅರ್ಧಭಾಗವು ಆ ಗುರುತಿನೊಳಗೆ ಬರಬೇಕು. ಆರ್ಯಭಟನು 20000 ವ್ಯಾಸಕ್ಕೆ 62832 ಪರಿಧಿಯೆಂದು ಹೇಳಿದ ಲೆಕ್ಕದಂತೆ 18 ಇಂಚಿನ ವ್ಯಾಸಕ್ಕೆ ಪರಿಧಿಯು 56 ಇಂಚನ್ನು ದಾಟುತ್ತದೆ, ಹತ್ತಿರ ಹತ್ತಿರ 4 ಅಡಿ 8 ಇಂಚು. ಇಷ್ಟು ಉದ್ದದ ಗೂಡು ಗೋಡೆಯಲ್ಲಿದ್ದರೆ ಅದರ ಈ ತುದಿಯಿಂದ ಆ ತುದಿಗೆ ನಡೆಯಬೇಕು. ದುಂಡಾಗಿ ಬಾಗಿಸಿದಾಗ ಅದೇ ಗೂಡು ಮೇಜಿನ ಮೂಲೆಯೊಂದರಲ್ಲಿ ಅಡಗಿತು.

ಕೆಳಗೆ ಒಂದಡಿ ಚೌಕದ ಹಲಗೆ, ನಾಲ್ಕು ಮೂಲೆಗೂ ಹಳೆಯ ಟೈರಿನ ತುಂಡುಗಳ ಪಾದ. ಅದರ ನಡುವೆ ತೂತು ಕೊರೆದು, ಹಬ್ಬನ್ನು ನೆಟ್ಟಗೆ ನಿಲ್ಲಿಸಿ, ಅಚ್ಚಿನ ಕೆಳತುದಿಯನ್ನು ತೂತಿನಲ್ಲಿಳಿಸಿ ಮೇಲೂ ಕೆಳಗೂ ನಟ್ಟು ಬಿಗಿದೆವು. ಹಬ್ಬಿನ ಮೇಲಂಚಿನಲ್ಲಿ ಸ್ಪೋಕುಗಳು ಕೂರುವ ತೂತುಗಳಿವೆಯಷ್ಟೆ. ಅವುಗಳಲ್ಲಿ ಆರನ್ನು ಆರಿಸಿ, ಕೆಳಗಿನಿಂದ ಸಣ್ಣ ತಿರುಪುಮೊಳೆಗಳನ್ನು ಒಂದು ಚಿಕ್ಕ ದುಂಡು ಮರದ ತುಂಡಿಗೆ ಬಿಗಿದು, ಆ ತುಂಡಿನ ಮೇಲೆ ದೊಡ್ಡ ಮಣೆಯನ್ನು ಕೂರಿಸಿದೆವು. ಈ ನಡುವಣ ತುಂಡು ಬಡಗಿಯ ಬುದ್ಧಿ. ಹಬ್ಬಿನ ಅಂಚು ಬಹಳ ಕಿರಿದು. ಅದರ ಮೇಲೆಯೇ ಮಣೆಯನ್ನಿಟ್ಟರೆ ಒಂದು ಪಕ್ಕಕ್ಕೆ ಕತ್ತರಿಯನ್ನಿಟ್ಟಾಗ ಅದು ಓಲಾಡುವುದೆಂದು ಅವನು ಮೊದಲೇ ಹೇಳಿದನು. ಮಣೆಯ ಸುತ್ತ ಅರ್ಧ ಇಂಚು ಎತ್ತರಕ್ಕೆ ಬೆತ್ತದ ಪಟ್ಟಿಯ ಕಟ್ಟು. ಮೇಜು ಸಮತಲವಾಗಿದೆಯೆ ಎಂದು ಬಟ್ಟಲಲ್ಲಿ ನೀರಿಟ್ಟು ನೋಡಿದೆವು. ಇದನ್ನು ಉಪೇಕ್ಷಿಸಬಾರದು. ಮೇಜು ಒಂದು ಕಡೆಗೆ ವಾಲಿದ್ದರೆ ಮಣೆಯ ಭಾರದ ಪಕ್ಕವು ತಾನಾಗಿಯೇ ತಗ್ಗನ್ನು ಹುಡುಕಿಕೊಂಡು ತಿರುಗುತ್ತದೆ, ಯಾರೂ ಮುಟ್ಟದೆ ತಿರುಗುವ ಮಣೆಯನ್ನು ಕಂಡು ಮನೆಯ ಮಕ್ಕಳು ಹೆದರುತ್ತಾರೆ.

ಸಾಮಾನುಗಳನ್ನಿಡುವ ಪಾತ್ರೆಗಳಿಗಾಗಿ ಏನನ್ನೂ ಕೊಳ್ಳಲಿಲ್ಲ. ತೆಂಗಿನ ಕರಟಗಳನ್ನು ಹೆರೆದು ನುಣುಪು ಮಾಡಿ, ಮಣೆಯಲ್ಲಿ ಅವುಗಳ ತಳಕ್ಕೆ ಸರಿಯಾದ ತೂತುಗಳನ್ನು ಕೊರೆಯಿಸಿ ಕೂರಿಸಿದೆವು; ಕರಟದ ಒಳಮೈ ದುಂಡಾಗಿರುವುದರಿಂದ ಕಡೆಯ ಗುಂಡಿಯೂ ಬೆರಳಿಗೆ ಸಿಕ್ಕುತ್ತದೆ, ಚೌಕ ಡಬ್ಬಿಯ ಮೂಲೆಯಲ್ಲಿ ಅಡಗಿಕೊಳ್ಳುವಂತೆ ಇಲ್ಲಿ ಅಡಗಲಾರದು. ದಾರದ ರೀಲುಗಳಿಗೆ ಬಿದಿರಿನ ಗೂಟಗಳು. ಲಡಿಗಳಿಗೆ ನಡುವೆ ಒಂದು ಕಂಬ ನೆಟ್ಟು ಅದಕ್ಕೆ ಸುತ್ತಲೂ ಕೊಕ್ಕೆಗಳು. ಕತ್ತರಿಗೆ ಬಿದಿರಿನ ಕೊಳವೆ, ಮೊನೆ ಕೆಳಗಾಗಿ.

ಯಾವುದು ಎಲ್ಲಿರಬೇಕೆಂಬ ನಿರ್ಣಯವನ್ನು ಮಾತ್ರ ನಾನು ಮಾಡಲಿಲ್ಲ. ಮಣೆಯ ಮೇಲೆ ಎಂಟು ದಿಕ್ಕಿಗೆ ಎಂಟು ಗೆರೆ ಎಳೆದು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟೆನು. ವರ್ಷಗಟ್ಟಲೆ ಶಾಲೆಯ ಪುಸ್ತಕದ ಕಪಾಟನ್ನು ಅಕಾರಾದಿಯಾಗಿ ಜೋಡಿಸಿದವನಿಗೆ ಅವಳ ಜೋಡಣೆಯನ್ನು ನೋಡುವುದೇ ಒಂದು ಪಾಠವಾಗಿತ್ತು. ಬಣ್ಣದ ದಾರಗಳೆಲ್ಲ ಒಂದು ಕಡೆ, ಸೂಜಿಗಳೆಲ್ಲ ಒಂದು ಕಡೆ ಎಂದು ಅವಳು ಮಾಡಲಿಲ್ಲ. ಬಿಳಿಯ ಪಕ್ಕದಲ್ಲಿ ಕೆಂಪು, ಏಕೆಂದರೆ ಗೋಪುರದ ಗೆರೆಯಲ್ಲಿ ಬಿಳಿಯಾದ ಮೇಲೆ ಕೆಂಪು ಬರುತ್ತದೆ. ಅವೆರಡರ ನಡುವೆ ಸೂಜಿಯ ಗಾದಿ. ಹಸಿರನ್ನೂ ನೀಲಿಯನ್ನೂ ಮಣೆಯ ಎದುರು ಬದುರು ತುದಿಗಳಿಗೆ ಕಳುಹಿಸಿದಳು: “ದೀಪದ ಬೆಳಕಿನ್ಯಾಗ ಎರಡೂ ಒಂದ ಕಾಣತಾವ, ದೂರ ಇದ್ದರ ಕೈ ತಪ್ಪೂದಿಲ್ಲ.” ಎರಡು ತಿಂಗಳಿಗೊಮ್ಮೆ ಬೇಕಾಗುವ ಹುಕ್ಕುಗಳಿಗೆ ಕಂಬದ ಬುಡದ ಒಳಸುತ್ತು. ಅಮರಸಿಂಹನೂ ತನ್ನ ಕೋಶದಲ್ಲಿ ಶಬ್ದಗಳನ್ನು ಅಕಾರಾದಿಯಾಗಿ ಇಡಲಿಲ್ಲ. ಸ್ವರ್ಗದ ಮಾತುಗಳು ಒಂದು ಕಡೆ, ಭೂಮಿಯವು ಒಂದು ಕಡೆ, ವನೌಷಧಿಗಳು ಒಂದು ಕಡೆ ಎಂದು ವರ್ಗ ಮಾಡಿದನು. ನಾನಾರ್ಥವರ್ಗದಲ್ಲಿ ಮಾತ್ರ ಶಬ್ದದ ಕಡೆಯ ವ್ಯಂಜನವನ್ನು ಹಿಡಿದು ಹೊರಟನು, ಏಕೆಂದರೆ ಅಲ್ಲಿ ಹಾಗೆ ಮಾಡುವುದೇ ಉಪಯುಕ್ತ. ಬಾಯಿಪಾಠ ಮಾಡುವವನ ಅನುಕೂಲಕ್ಕೆ ಅವನು ಜೋಡಿಸಿದನು, ಹೊಲಿಯುವ ಕೈಯ ಅನುಕೂಲಕ್ಕೆ ಇವಳು ಜೋಡಿಸಿದಳು.

ಏಳು ಮನೆಗಳು ತುಂಬಿದುವು. ಎಂಟನೆಯದಕ್ಕೆ ಏನು ಎಂದು ಕೇಳಿದೆನು. “ಅದು ಖಾಲಿ ಇರಲಿ” ಎಂದಳು. ಬಡಗಿಯು, ಜಾಗ ದಂಡವಾಗುವುದಲ್ಲ ತಾಯಿ ಎಂದನು. “ಕೈಯಾಗಿಂದು ಇಡಲಿಕ್ಕೆ ಎಲ್ಲೆರೆ ಜಾಗಾ ಬೇಕಲ್ಲಪ್ಪಾ” ಎಂದು ಉತ್ತರ ಬಂತು. ಕನ್ನಡಕವನ್ನು ತೆಗೆದಾಗ, ದಾರ ಪೋಣಿಸಿದ ಸೂಜಿಯನ್ನು ಅರೆಗಳಿಗೆ ಬಿಟ್ಟಾಗ, ಮಗಳು ಫೋನು ಮಾಡಿದಾಗ ಕೈಯಲ್ಲಿದ್ದುದೆಲ್ಲವೂ ಆ ಎಂಟನೆಯ ಮನೆಗೆ ಹೋಗುತ್ತದೆ. ಕತ್ತರಿ ಎಲ್ಲಿ ಎಂಬ ಪ್ರಶ್ನೆಯು ನಮ್ಮ ಮನೆಯಲ್ಲಿ ನಿಂತಿರುವುದಕ್ಕೆ ಮಣೆಯ ತಿರುಗುವಿಕೆಗಿಂತ ಈ ಬರಿದಾದ ಮನೆಯೇ ಹೆಚ್ಚು ಕಾರಣವೆಂದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಶ್ರಮವು ಸಾಧ್ಯವಿಲ್ಲದವರಿಗೆ ಸುಲಭವಾದ ಇನ್ನೊಂದು ಉಪಾಯವುಂಟು. ರಜೆಗೆ ಬಂದ ಮೊಮ್ಮಗಳು “ಅಜ್ಜಾ, ನನಗೂ ಒಂದು ಬೇಕು” ಎಂದಾಗ ಅದನ್ನು ಮಾಡಿದೆವು. ಅಂಚಿರುವ ಎರಡು ತಾಟುಗಳು, ಒಂದು ಸ್ವಲ್ಪ ಚಿಕ್ಕದು. ದೊಡ್ಡ ತಾಟಿನಲ್ಲಿ ಒಂದೇ ಅಳತೆಯ ಗೋಲಿಗಳನ್ನು ಒಂದು ಪದರವಾಗಿ ಹರಡಿ, ಚಿಕ್ಕ ತಾಟನ್ನು ಅವುಗಳ ಮೇಲೆ ಕೂರಿಸಿದರಾಯಿತು. ಗೋಲಿಗಳು ಕಡಿಮೆಯಾದರೆ ಎಲ್ಲವೂ ಒಂದು ಕಡೆಗೆ ಸೇರಿ ತಾಟು ವಾಲುತ್ತದೆ, ಕಿಕ್ಕಿರಿದರೆ ಉರುಳಲಾರವು. ಒಂದು ಗೋಲಿಗೆ ಬಣ್ಣ ಹಚ್ಚಿ ನೋಡು ಎಂದು ಅವಳಿಗೆ ಹೇಳಿದೆನು. ಮೇಲಿನ ತಾಟು ಒಂದು ಪೂರ್ತಿ ಸುತ್ತು ಬರುವಷ್ಟರಲ್ಲಿ ಆ ಗೋಲಿಯು ಅರ್ಧ ಸುತ್ತು ಮಾತ್ರ ಬಂದಿರುವುದನ್ನು ಅವಳು ಕಂಡು, ಅದು ಏಕೆಂದು ಎರಡು ದಿನ ನನ್ನನ್ನು ಬಿಡಲಿಲ್ಲ. ಮೇಜಿನ ಮೇಲೆ ಒಂದು ಕೋಲಿನ ಕೆಳಗೆ ಪೆನ್ಸಿಲನ್ನಿಟ್ಟು ಉರುಳಿಸಿ ತೋರಿಸಿದ ಮೇಲೆ ಸಮಾಧಾನವಾಯಿತು. ಅವಳ ಬಣ್ಣದ ಕಡ್ಡಿಗಳಿಗೂ ಮಣಿಗಳಿಗೂ ಆ ತಾಟು ಸಾಕು. ಅಜ್ಜಿಯ ಮಣೆಯ ಬಳಿ ಕುಳಿತು ಅವಳು ಗವಂತಿಯ ಮೊದಲ ಸಾಲನ್ನೂ ಕಲಿತು ಹೋದಳು. ಎಣಿಕೆ ಇನ್ನೂ ಆಗಾಗ ತಪ್ಪುತ್ತದೆ.

ಪೆಟ್ಟಿಗೆಯಿಂದ ಸೀರೆಯು ಹೊರಕ್ಕೆ ಬಂದದ್ದು ಯಾವ ದಿನವೆಂದು ನಾನು ಬರೆದಿಡಲಿಲ್ಲ. ಯಾರೂ ಅದನ್ನು ಹೇಳಿ ಹೊರಕ್ಕೆ ತರಲಿಲ್ಲ. ಒಂದು ಮಧ್ಯಾಹ್ನ ನಾನು ಓದುತ್ತಿದ್ದಾಗ ಪಡಸಾಲೆಯಿಂದ ಮಣೆಯು ಹೊರಳುವ ಮೆಲುಸದ್ದು ಕೇಳಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕೇಳಿಸುತ್ತಿತ್ತು. ಅರ್ಧ ತಾಸಿನ ಮೇಲೆ, ಈ ಹೊತ್ತಿನವರೆಗೆ ನನ್ನನ್ನು ಯಾರೂ ಕರೆದಿಲ್ಲವೆಂಬುದು ನೆನಪಾಗಿ ಎದ್ದು ಹೋಗಿ ನೋಡಿದೆನು. ಎಳೆ ಎಣಿಸುತ್ತಿದ್ದಳು, ತಲೆಯೆತ್ತದೆ, ಮಾತನಾಡಬೇಡಿರೆಂದು ಕೈಯಿಂದ ಸನ್ನೆ ಮಾಡಿದಳು. ಕಣ್ಣು ಬಟ್ಟೆಯ ಮೇಲಿದ್ದಂತೆಯೇ ಎಡಗೈಯ ಬೆರಳು ಮಣೆಯನ್ನು ಕಾಲು ಸುತ್ತು ನೂಕಿತು, ಕೆಂಪು ದಾರವು ಬಂದು ನಿಂತಿತು.

ಹಬ್ಬಿಗೆ ವರ್ಷಕ್ಕೊಮ್ಮೆ ಗ್ರೀಸು ಹಾಕಿಸಿದರೆ ಸಾಕೆಂದು ಅಂಗಡಿಯವನು ಹೇಳಿದ್ದಾನೆ. ಪಕ್ಕದ ಮನೆಯ ಹಿರಿಯರೊಬ್ಬರು ತಮ್ಮ ಔಷಧಗಳ ಸೀಸೆಗಳಿಗಾಗಿ ಇಂಥದೇ ಒಂದು ಬೇಕೆಂದು ಕೇಳಿರುವುದರಿಂದ ಸೈಕಲ್ಲಿನ ಹಿಂದಿನ ಹಬ್ಬಿಗೂ ಕೆಲಸ ಬಂದಿದೆ. ಸೆರಗಿನ ಮೂರನೆಯ ಗೋಪುರ ಮುಗಿದು ನಾಲ್ಕನೆಯದು ಕಳಸದ ತನಕ ಏರಿದೆ. ಕಳಸಕ್ಕೆ ಬೇಕಾದ ಹಳದಿ ದಾರ ಮುಗಿದಿದೆಯೆಂದು ಈಗ ತಾನೆ ಪಡಸಾಲೆಯಿಂದ ಕೂಗಿದಳು. ಅದು ಮಣೆಯನ್ನು ಎಷ್ಟು ತಿರುಗಿಸಿದರೂ ಬರತಕ್ಕುದಲ್ಲ. ಅಂಗಡಿ ಮುಚ್ಚುವುದರೊಳಗೆ ಪೇಟೆಗೆ ಹೋಗಿ ಬರಬೇಕಾಗಿದೆ.